ತಣ್ಣನೆಯ ಶಸ್ತ್ರವೋ, ಬಿಸಿಯ ಶಸ್ತ್ರವೋ?

ಮಗುವಿನ ಟಾನ್ಸಿಲ್ ತೆಗೆಯಿಸಬೇಕಾಗಿದೆಯೆಂದೂ, ಒಬ್ಬ ವೈದ್ಯರು ಹಳೆಯ ಕ್ರಮದಲ್ಲಿ ಕತ್ತರಿಯಿಂದ ಬಿಡಿಸುವೆನೆಂದರೆ ಮತ್ತೊಬ್ಬರು ಹೊಸ ಯಂತ್ರವನ್ನು ಹೊಗಳುತ್ತಿರುವರೆಂದೂ, ಯಾವುದು ಲೇಸೆಂದೂ ವಾಚಕರೊಬ್ಬರು ಕೇಳಿರುವರು. ನಾನು ವೈದ್ಯನಲ್ಲ, ಓದಿ ತಿಳಿದಷ್ಟನ್ನು ಅರಿಕೆ ಮಾಡುವೆನು.

ಸುಶ್ರುತನು ಹೇಳುವ ತುಂಡಿಕೇರಿಯೆಂಬ ರೋಗವು ಇದೇ ಎಂದು ಆಯುರ್ವೇದಜ್ಞರ ಮತ. ಅಮರಕೋಶದಲ್ಲಿ ಆ ಶಬ್ದವು ಹತ್ತಿಗೂ ಹೆಸರು, ತೊಂಡೆಗೂ ಹೆಸರು. ಊದಿ ಕೆಂಪೇರಿದ ಗ್ರಂಥಿಯನ್ನು ಕಂಡವರು ತೊಂಡೆಹಣ್ಣನ್ನೇ ನೆನೆದಾರು. ಅದರ ನೆರೆಯ ಗಲಶುಂಡಿಕೆಯನ್ನು, ಎಂದರೆ ಬೆಳೆದ ಕಿರುನಾಲಗೆಯನ್ನು, ಮಿತಿಮೀರಿ ಕೊಯ್ದರೆ ರಕ್ತಸ್ರಾವದಿಂದ ಮರಣವುಂಟೆಂದೂ, ಕಡಿಮೆ ಕೊಯ್ದರೆ ಊತವುಂಟಾಗುವುದೆಂದೂ ಅವನು ಎಚ್ಚರಿಸಿರುವನು. ಎಷ್ಟು ಕೊಯ್ಯಬೇಕು, ರಕ್ತವನ್ನು ಹೇಗೆ ನಿಲ್ಲಿಸಬೇಕು ಎಂಬ ಈ ಎರಡು ಪ್ರಶ್ನೆಗಳ ಸುತ್ತಲೇ ಇಂದಿನ ಟಾನ್ಸಿಲ್ ಚರ್ಚೆಯೂ ತಿರುಗುತ್ತಿದೆ.

1828ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಫಿಸಿಕ್ ಎಂಬ ವೈದ್ಯನು ಗ್ರಂಥಿಯನ್ನು ಉಂಗುರದೊಳಗೆ ಸಿಕ್ಕಿಸಿ ಒಂದೇ ಏಟಿಗೆ ಕತ್ತರಿಸುವ ಉಪಕರಣವನ್ನು ಬಳಕೆಗೆ ತಂದನು. ಅರಿವಳಿಕೆಯಿಲ್ಲದ ಕಾಲದಲ್ಲಿ ಆ ವೇಗವೇ ದಯೆಯಾಗಿದ್ದಿತು. ಆದರೆ ಒಂದು ತುಂಡು ಒಳಗೆ ಉಳಿಯುತ್ತಿದ್ದುದೂ ಉಂಟು. ಇಪ್ಪತ್ತನೆಯ ಶತಮಾನದಲ್ಲಿ ಗ್ರಂಥಿಯನ್ನು ಅದರ ಕೋಶಸಹಿತವಾಗಿ ಬಿಡಿಸಿ, ರಕ್ತನಾಳಗಳನ್ನು ದಾರದಿಂದ ಕಟ್ಟುವ ಕ್ರಮವು ನೆಲೆಗೊಂಡಿತು. ತಣ್ಣನೆಯ ಶಸ್ತ್ರವೆಂಬುದು ಇದೇ. ವಿದ್ಯುತ್ತಿನಿಂದ ಸುಟ್ಟು ಬಿಡಿಸುವ ಕ್ರಮದಲ್ಲಿ ಮೇಜಿನ ಮೇಲೆ ರಕ್ತ ಕಡಿಮೆ. ಆದರೆ ನೆರೆಯ ಮಾಂಸವೂ ಬೇಯುವುದರಿಂದ ಆಮೇಲಿನ ನೋವು ಹೆಚ್ಚು. ಕೋಬ್ಲೇಷನ್ ಎಂಬ ಹೊಸ ಯಂತ್ರವು ಉಪ್ಪುನೀರಿನ ಮಧ್ಯೆ ರೇಡಿಯೋ ತರಂಗಗಳಿಂದ ಸುಮಾರು 40ರಿಂದ 70 ಡಿಗ್ರಿ ಶಾಖದಲ್ಲಿ ಗ್ರಂಥಿಯನ್ನು ಕರಗಿಸುತ್ತದೆ. ಕೋಶವನ್ನು ಉಳಿಸಿ ಒಳಗಿನ ತಿರುಳನ್ನು ಮಾತ್ರ ತೆಗೆಯುವುದೂ ಉಂಟು. ನೋವು ಕಡಿಮೆ, ಮರಳಿ ಬೆಳೆಯುವ ಸಂಭವ ಸ್ವಲ್ಪ ಇದೆ.

ಯಂತ್ರವು ಹೊಸದಾದ ಮಾತ್ರಕ್ಕೆ ಮರುಳಾಗಬಾರದು. ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ 2003-2004ರಲ್ಲಿ 33,000ಕ್ಕೂ ಮೀರಿದ ರೋಗಿಗಳ ಲೆಕ್ಕವಿಟ್ಟು ನೋಡಿದರು. ಒಟ್ಟಿನಲ್ಲಿ ನೂರಕ್ಕೆ ಮೂರೂವರೆ ಮಂದಿಗೆ ಆಮೇಲೆ ರಕ್ತ ಬಂದಿತು. ತಣ್ಣನೆಯ ಕ್ರಮಕ್ಕಿಂತ ಬಿಸಿಯ ಕ್ರಮಗಳಲ್ಲಿ ಅದು ಹೆಚ್ಚಾಗಿದ್ದಿತು. ಆದುದರಿಂದ ಯಂತ್ರದ ಹೆಸರನ್ನು ಕೇಳುವುದಕ್ಕಿಂತ, ವೈದ್ಯರ ಕೈ ಯಾವ ಕ್ರಮದಲ್ಲಿ ಪಳಗಿದೆ, ತಮ್ಮ ರೋಗಿಗಳಲ್ಲಿ ಎಷ್ಟು ಮಂದಿ ರಕ್ತಸ್ರಾವದಿಂದ ಮರಳಿ ಬಂದಿರುವರು ಎಂದು ಕೇಳುವುದು ಮೇಲು. ಕೇಳಲು ಸಂಕೋಚಪಡಬೇಕಾದುದಿಲ್ಲ.

ತೆಗೆಯಿಸಲೇಬೇಕೇ ಎಂಬುದಕ್ಕೂ ಒಂದು ಅಳತೆಯುಂಟು. ವರ್ಷದಲ್ಲಿ ಏಳು ಸಲ, ಅಥವಾ ಎರಡು ವರ್ಷ ಐದೈದು ಸಲ, ಅಥವಾ ಮೂರು ವರ್ಷ ಮೂರುಮೂರು ಸಲ ಬಲವಾದ ಗಂಟಲುಬೇನೆ ಬಂದಿದ್ದರೆ ಶಸ್ತ್ರದ ಮಾತನ್ನೆತ್ತಬಹುದು. ನಿದ್ರೆಯಲ್ಲಿ ಮಗುವಿನ ಉಸಿರು ಕಟ್ಟುತ್ತಿದ್ದರೆ ಅದು ಬೇರೆಯೇ ಕಾರಣ.

ಮನೆಗೆ ಬಂದಮೇಲೆ ಗಾಯದ ಮೇಲೆ ಬಿಳಿಯ ಪೊರೆ ಕಾಣುವುದು. ಅದು ಕೀವಲ್ಲ, ಗಾಬರಿ ಬೇಡ. ಗಾಬರಿಪಡಬೇಕಾದುದು ಐದನೆಯ ದಿನದಿಂದ ಹತ್ತನೆಯ ದಿನದವರೆಗೆ. ಆ ಪೊರೆ ಕಳಚುವಾಗ ರಕ್ತ ಒಸರಬಹುದು. ಎಳೆಯ ಮಕ್ಕಳು ಅದನ್ನು ಉಗುಳದೆ ನುಂಗುವರು. ಮಗುವು ನಿದ್ರೆಯಲ್ಲಿ ಮತ್ತೆ ಮತ್ತೆ ಗುಟುಕರಿಸುತ್ತಿದ್ದರೆ ತಾಯಿ ಎದ್ದು ದೀಪ ಹಾಕಿ ಬಾಯಿ ನೋಡಬೇಕು. ರಕ್ತ ಕಂಡರೆ, ಅದು ಎಷ್ಟೇ ಸ್ವಲ್ಪವಾಗಿರಲಿ, ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಬೇಕು.