ಮೂಗಿನ ಶಸ್ತ್ರಚಿಕಿತ್ಸೆಯೂ ಮುಚ್ಚಿಡಬಾರದ ಮಾತೂ

ಬಹುಕಾಲದ ಮೂಗುಕಟ್ಟು, ಹಣೆನೋವುಗಳು ಔಷಧಕ್ಕೆ ಜಗ್ಗದಿದ್ದಾಗ ವೈದ್ಯರು ಸೈನಸ್ ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದುಂಟು. ಕ್ಯಾಲನೂರಿನ ಸುತ್ತಲ ಭಕ್ತರಿಗೆ ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೂರವೇನಲ್ಲ. ಆದರೆ ‘ರಕ್ತ ಬಹಳ ಹೋಗುವುದೇ?’ ಎಂಬ ಅಂಜಿಕೆ ಎಲ್ಲರದು. ರಕ್ತಸ್ರಾವವನ್ನು ತಡೆಯುವ ಹೊಣೆ ವೈದ್ಯರೊಬ್ಬರದಲ್ಲ, ರೋಗಿಯದೂ ಹೌದು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಹೋಗುವ ರಕ್ತದ ಪ್ರಮಾಣಕ್ಕಿಂತ ಅದು ವೈದ್ಯರ ನೋಟವನ್ನು ಮರೆಮಾಡುವುದೇ ದೊಡ್ಡ ತೊಡಕು. ಸುಮಾರು 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ನಳಿಕೆಯ ಮೂಲಕ ನೋಡುತ್ತ ಅವರು ಕೆಲಸ ಮಾಡುತ್ತಾರೆ. ಪಕ್ಕದಲ್ಲಿ ಕಣ್ಣು, ಮೇಲೆ ಮಿದುಳು. ನಡುವೆ ಇರುವುದು ಕಾಗದದಂತೆ ತೆಳುವಾದ ಎಲುಬು. ಕೆಲವೇ ಹನಿ ರಕ್ತ ನಳಿಕೆಯ ತುದಿಯನ್ನು ಮುಸುಕಿದರೂ ದಾರಿ ಕಾಣದು. ಆದ್ದರಿಂದಲೇ ರೋಗಿಯ ತಲೆಯ ಭಾಗವನ್ನು ಸುಮಾರು 15 ಡಿಗ್ರಿ ಎತ್ತರಿಸುತ್ತಾರೆ. ಅಡ್ರಿನಲಿನ್‌ನಲ್ಲಿ ನೆನೆಸಿದ ಹತ್ತಿಪಟ್ಟಿಗಳಿಂದ ರಕ್ತನಾಳಗಳನ್ನು ಕುಗ್ಗಿಸುತ್ತಾರೆ. ಅರಿವಳಿಕೆ ತಜ್ಞರು ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಹದದಲ್ಲಿಡುತ್ತಾರೆ.

ಇಷ್ಟೆಲ್ಲ ಸಿದ್ಧತೆಯನ್ನು ಮುಚ್ಚಿಟ್ಟ ಒಂದು ಮಾತ್ರೆ ಕೆಡಿಸಬಲ್ಲದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಆಸ್ಪಿರಿನ್ನಿನ ಪ್ರಭಾವ 7ರಿಂದ 10 ದಿನಗಳವರೆಗೆ ಉಳಿಯುತ್ತದೆ. ಕೆಲವು ನೋವಿನ ಮಾತ್ರೆಗಳೂ ಬೆಳ್ಳುಳ್ಳಿಯ ಗುಳಿಗೆಗಳೂ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದೀತೆಂದು ಕೆಲವರು ಇವನ್ನು ಹೇಳುವುದಿಲ್ಲ. ನಾಟಿ ಔಷಧ ಲೆಕ್ಕಕ್ಕಿಲ್ಲವೆಂದು ಮತ್ತೆ ಕೆಲವರು ಸುಮ್ಮನಿರುತ್ತಾರೆ. ಇನ್ನು ಕೆಲವರು ತಾವಾಗಿಯೇ ಮಾತ್ರೆ ನಿಲ್ಲಿಸುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಪ್ರಾಣಕ್ಕೇ ಎರವಾಗಬಹುದು. ಹೇಳುವುದು ನಮ್ಮ ಕರ್ತವ್ಯ. ನಿಲ್ಲಿಸುವ ತೀರ್ಮಾನ ವೈದ್ಯರದು.

ಮನೆಗೆ ಮರಳಿದ ಮೇಲೂ ಎಚ್ಚರ ಬೇಕು. ವೈದ್ಯರು ಹೇಳುವವರೆಗೆ ಮೂಗು ಸೀಟಬಾರದು; ಸೀನು ಬಂದರೆ ಬಾಯಿ ತೆರೆದು ಸೀನಬೇಕು; ಟೊಮೇಟೊ ಕ್ರೇಟು, ಹಾಲಿನ ಕ್ಯಾನುಗಳನ್ನು ಎತ್ತಬಾರದು. ಪೂಜೆಯನ್ನು ನೇರವಾಗಿ ಕುಳಿತೇ ಮಾಡಬಹುದು; ತಲೆಬಾಗಿಸುವ ದೀರ್ಘದಂಡ ನಮಸ್ಕಾರ ಕೆಲವು ವಾರ ಬೇಡ. ಮನಸ್ಸಿನಲ್ಲಿ ಮಾಡಿದ ಶರಣು ಗುರುವಿಗೆ ಮುಟ್ಟದೇ ಹೋಗದು. ರಕ್ತ ಬಂದರೆ ಮಲಗದೆ, ಕುಳಿತು ಮುಂದಕ್ಕೆ ಬಾಗಿ, ಮೂಗಿನ ಮೃದುಭಾಗವನ್ನು 10ರಿಂದ 15 ನಿಮಿಷ ಒತ್ತಿ ಹಿಡಿದು ಬಾಯಿಯಿಂದ ಉಸಿರಾಡಬೇಕು. ನಿಲ್ಲದಿದ್ದರೆ, ಅಥವಾ ಕಣ್ಣು ಊದಿ ನೋಟ ಮಂಜಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಸತ್ಯವನ್ನೇ ನುಡಿಯಬೇಕೆಂಬುದು ಶರಣರ ಮಾರ್ಗ. ಆ ಸತ್ಯ ಮಠದಲ್ಲಿ ಮಾತ್ರವಲ್ಲ, ವೈದ್ಯರ ಮುಂದೆಯೂ ನಮ್ಮ ನಾಲಗೆಯ ಮೇಲಿರಲಿ.