ಘಾಟಗೆಯವರ ನಕ್ಷೆಗಳನ್ನು ಹೊರತನ್ನಿ
ಎಚ್‌ಎಎಲ್ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ವಿಮಾನಪುರದ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಡಾ. ಘಾಟಗೆ ಸಭಾಭವನಕ್ಕೆ ಸಮಾರಂಭಗಳಿಗೆಂದು ಬಂದು ಹೋಗುತ್ತಾರೆ. ರಸ್ತೆಗೆ ಹೆಸರಾದ ದಾಸ್ ಅವರು 1961ರಲ್ಲಿ ಮಾರುತ್ ಯುದ್ಧವಿಮಾನವನ್ನು ಮೊದಲ ಬಾರಿ ಹಾರಿಸಿದವರು, 1970ರಲ್ಲಿ ಮಾರುತ್ ಅಪಘಾತದಲ್ಲೇ ತೀರಿಕೊಂಡವರು. ಅವರ ಕಥೆ ಕೆಲವರಿಗಾದರೂ ಗೊತ್ತು. ವಿಷ್ಣು ಮಾಧವ ಘಾಟಗೆ ಯಾರೆಂದು ಕೇಳಿದರೆ ಎಂಜಿನಿಯರಿಂಗ್ ಓದುವ ಮಕ್ಕಳೂ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಪತ್ರ ಬರೆಸಿದ್ದು ಆ ಸಂಕಟ.

ಘಾಟಗೆಯವರು 1908ರಲ್ಲಿ ಕೊಲ್ಲಾಪುರ ಸೀಮೆಯಲ್ಲಿ ಹುಟ್ಟಿದರು. ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿದರು. ರೆಕ್ಕೆಯ ಮೈಗೆ ಅಂಟಿಕೊಂಡು ಸಾಗುವ ಗಾಳಿಯ ತೆಳುಪದರವೇ ಹಾರಾಟದ ಹಣೆಬರಹ ಬರೆಯುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಪ್ರಾಂಟ್ಲ್. ಅಂಥವರ ಶಿಷ್ಯ, ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಆಸರೆಯಲ್ಲಿ 1940ರ ಕೊನೆಗೆ ಬೆಂಗಳೂರಿನಲ್ಲಿ ತೆರೆದ ವಿಮಾನ ಕಾರ್ಖಾನೆಗೆ, ಅಂದರೆ ಇಂದಿನ ನಿಮ್ಮ ಎಚ್‌ಎಎಲ್‌ಗೆ, ಬಂದು ಸೇರಿದರು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಒಂದು ಕಡೆ ಪಾಠ, ಇನ್ನೊಂದು ಕಡೆ ಕಾರ್ಖಾನೆ. ಆ ನಂಟಿನಿಂದ ಈ ಊರಿಗೆ ಆದ ಲಾಭಕ್ಕೆ ಲೆಕ್ಕವಿಲ್ಲ.

1951ರ ಆಗಸ್ಟಿನಲ್ಲಿ ಅವರ ವಿನ್ಯಾಸದ ಎಚ್‌ಟಿ-2 ಮೊದಲ ಬಾರಿ ಹಾರಿತು. ಒಬ್ಬರ ಹಿಂದೊಬ್ಬರು ಕೂರುವ ಎರಡು ಸೀಟಿನ, ಪೂರ್ತಿ ಲೋಹದ ತರಬೇತಿ ವಿಮಾನ. ಮರ, ಬಟ್ಟೆಯ ಟೈಗರ್ ಮಾತ್ ನಂಬಿಕೊಂಡಿದ್ದ ನಮ್ಮ ವಾಯುಪಡೆಗೆ ನಮ್ಮವರೇ ರೂಪಿಸಿದ ವಿಮಾನ ಸಿಕ್ಕಿತು. 1959ರಲ್ಲಿ ಹುಟ್ಟಿದ ಘಾನಾದ ವಾಯುಪಡೆಯೂ ಇದನ್ನೇ ಕೊಂಡಿತು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷಕ್ಕೆ ಇಷ್ಟು ಮಾಡಿದ್ದು ಸಣ್ಣ ಮಾತಲ್ಲ.

ಯುದ್ಧವಿಮಾನ ಕಂಡರೆ ಎಲ್ಲರ ಕಣ್ಣೂ ಅರಳುತ್ತದೆ. ಮಾರುತ್ ವಿನ್ಯಾಸಕ್ಕೆಂದು 1956ರಲ್ಲಿ ಬಂದ ಜರ್ಮನಿಯ ಕರ್ಟ್ ಟ್ಯಾಂಕ್ ಅವರ ಹೆಸರು ಆಗಾಗ ಕೇಳಿಬರುವುದು ಅದಕ್ಕೇ. ಅವರ ಹಿರಿಮೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ತರಬೇತಿ ವಿಮಾನದ ವಿನ್ಯಾಸ ಅದಕ್ಕಿಂತ ಸುಲಭವೆಂದು ನಾನು ಒಪ್ಪಲಾರೆ. ಕಲಿಯುವ ಹುಡುಗ ವಿಮಾನವನ್ನು ನೆಲಕ್ಕೆ ಕುಕ್ಕುತ್ತಾನೆ. ಮೂತಿಯನ್ನು ಬೇಕಾದ್ದಕ್ಕಿಂತ ಮೇಲೆತ್ತಿ ವೇಗ ಕಳೆದುಕೊಳ್ಳುತ್ತಾನೆ. ಅಂಥ ಹೊತ್ತಿನಲ್ಲಿ ವಿಮಾನ ಮೊದಲೇ ನಡುಗಿ ಎಚ್ಚರಿಸಬೇಕು, ಅವನು ಎಚ್ಚೆತ್ತು ತಿದ್ದಿಕೊಂಡರೆ ಮಾತು ಕೇಳಬೇಕು. ಹಾಗಂತ ತೀರಾ ಸಾಧುವೂ ಆಗಕೂಡದು, ಹಾಗಾದರೆ ಅವನು ಏನೂ ಕಲಿಯುವುದಿಲ್ಲ. ಈ ಹದ ಹಿಡಿಯುವುದೇ ವಿನ್ಯಾಸಕಾರನ ಕೈಚಳಕ.

ಘಾಟಗೆಯವರ ಮುಂದಾಳತ್ವದಲ್ಲಿ ರೂಪುಗೊಂಡು 1964ರಲ್ಲಿ ಹಾರಿದ ಕಿರಣ್ ಜೆಟ್ ವಿಮಾನದಲ್ಲಿ ಗುರುವಿನ ಸೀಟು ಹಿಂದಿನಿಂದ ಪಕ್ಕಕ್ಕೆ ಬಂತು. ಹುಡುಗನ ಕೈ ಎಲ್ಲಿದೆ, ಕಣ್ಣು ಯಾವ ಮಾಪಕದ ಮುಳ್ಳಿನ ಮೇಲಿದೆ ಎಂದು ಗುರು ಕುಳಿತಲ್ಲೇ ನೋಡಬಹುದು. ಬೀದರ್‌ನಲ್ಲಿ 1996ರಲ್ಲಿ ಕಟ್ಟಿದ ವಾಯುಪಡೆಯ ವಿಮಾನ ಕಸರತ್ತಿನ ತಂಡ ಸೂರ್ಯಕಿರಣ್ ಇದೇ ಕಿರಣ್‌ಗಳಲ್ಲಿ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುತ್ತಿತ್ತು. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಕತ್ತೆತ್ತಿ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನಕ್ಕೆ ಘಾಟಗೆಯವರ ಹೆಸರು ಗೊತ್ತಿತ್ತು? ಫ್ಲೈಯಿಂಗ್ ಕ್ಲಬ್ಬುಗಳ ಪುಷ್ಪಕ್, ಸೇನೆಯ ವೀಕ್ಷಣೆಗೆ ಬಳಸಿದ ಕೃಷಕ್ ಕೂಡ ಅವರ ಕಾಲದ ಕೆಲಸಗಳೇ. 1965ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. 1991ರಲ್ಲಿ ಅವರು ತೀರಿಕೊಂಡರು.

ಮಾನ್ಯರೇ, ನಿಮ್ಮ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ವಿಮಾನಗಳನ್ನು ನೋಡುತ್ತಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ವಿಮಾನ ಕಾಗದದ ಮೇಲೆ ಹೇಗೆ ಹುಟ್ಟಿತು ಎಂಬುದೂ ಅವರಿಗೆ ಕಾಣಬೇಕು. ಕಂಪ್ಯೂಟರ್ ಇಲ್ಲದ ಕಾಲವದು. ಸ್ಲೈಡ್ ರೂಲ್ ಹಿಡಿದು ಲೆಕ್ಕ ಹಾಕುತ್ತಿದ್ದರು. ಬಾಗುವ ಪಟ್ಟಿಯನ್ನು ಸೀಸದ ತೂಕಗಳಿಂದ ಅದುಮಿ ಹಿಡಿದು, ಮೈಯ ತಿರುವುಗಳನ್ನು ವಿಮಾನದ ನಿಜವಾದ ಅಳತೆಯಲ್ಲೇ ಗೆರೆಗಳಲ್ಲಿ ಬಿಡಿಸುತ್ತಿದ್ದರು. ಒಂದು ಗೆರೆ ಕೂದಲೆಳೆಯಷ್ಟು ತಪ್ಪಿದರೂ ತಗಡು ಕೂಡಿಬರುತ್ತಿರಲಿಲ್ಲ.

ಎಚ್‌ಟಿ-2 ಮತ್ತು ಕಿರಣ್‌ಗಳ ಮೂಲ ನಕ್ಷೆ, ಲೆಕ್ಕದ ಹಾಳೆ, ಗಾಳಿಸುರಂಗದ ಮಾದರಿಗಳಲ್ಲಿ ಉಳಿದಿರುವುದನ್ನೆಲ್ಲ ಹೊರತನ್ನಿ. ಇಂದಿಗೆ ಅವುಗಳಲ್ಲಿ ಮುಚ್ಚಿಡುವಂಥ ಗುಟ್ಟೇನೂ ಇರಲಾರದು. ಸ್ಕ್ಯಾನ್ ಮಾಡಿಸಿ ಕಾಲೇಜುಗಳಿಗೆ ಕೊಡಿ, ಕನ್ನಡದಲ್ಲಿ ವಿವರಣೆ ಬರೆಸಿ. ಕಿರಣ್ ಕಾಲದ ಡ್ರಾಫ್ಟ್ಸ್‌ಮನ್‌ಗಳು, ಫಿಟ್ಟರ್‌ಗಳು ಈಗ ಎಂಬತ್ತರ ಆಸುಪಾಸಿನಲ್ಲಿರುತ್ತಾರೆ. ಅವರನ್ನು ಹುಡುಕಿ, ಮನೆಗೇ ಹೋಗಿ ಅವರ ಮಾತು ಧ್ವನಿಮುದ್ರಿಸಿಕೊಳ್ಳಿ. ಬೇರೆಯದಕ್ಕೆ ಬಜೆಟ್ ಬರುವವರೆಗೆ ಕಾಯಬಹುದು, ಇದಕ್ಕೆ ಆಗದು. ದಯವಿಟ್ಟು ಈ ವರ್ಷವೇ ಶುರುಮಾಡಿ.

ಗೌರವದಿಂದ,
ಬೆಂಗಳೂರಿನ ಒಬ್ಬ ನಾಗರಿಕ