ಲೆಕ್ಕದ ಒಗಟು ಮತ್ತು ಮನೆಯ ಕನ್ನಡ

ಹೊರನಾಡಿನಲ್ಲಿ ಕನ್ನಡದ ಉಳಿವನ್ನು ಕುರಿತು ಚರ್ಚೆ ನಡೆದಾಗಲೆಲ್ಲ ನಾವು ಹಾಡು, ನಾಟಕ, ಯಕ್ಷಗಾನಗಳನ್ನು ನೆನೆಯುತ್ತೇವೆ. ಅವುಗಳ ಉಪಕಾರ ದೊಡ್ಡದು. ಆದರೆ ಮುಂಬಯಿಯಂತಹ ನಗರದ ಕನ್ನಡ ಮನೆಗಳಲ್ಲಿ ಬೆಳೆಯುವ ಮಕ್ಕಳ ಮಾತನ್ನು ಗಮನವಿಟ್ಟು ಆಲಿಸಿದವರಿಗೆ ಒಂದು ಸಂಗತಿ ಗೋಚರವಾಗದಿರದು. ಊಟ ಕೇಳಲು, ಅಜ್ಜಿಯೊಡನೆ ಮುನಿಸಿಕೊಳ್ಳಲು ಅವರಿಗೆ ಕನ್ನಡ ಸಾಕಾಗುತ್ತದೆ. ಎಣಿಸಲು, ಕಾರಣ ಹೇಳಲು, ವಾದಿಸಲು ಅವರು ಇಂಗ್ಲಿಷಿಗೆ ಸರಿಯುತ್ತಾರೆ. ಭಾವಕ್ಕೆ ಒಂದು ಭಾಷೆ, ಬುದ್ಧಿಗೆ ಇನ್ನೊಂದು ಎಂಬ ಈ ವಿಂಗಡಣೆ ಗಟ್ಟಿಯಾದರೆ ಮುಂದಿನ ತಲೆಮಾರಿಗೆ ಕನ್ನಡ ಬರಿಯ ಅಡುಗೆಮನೆಯ ನೆನಪಾಗಿ ಉಳಿದೀತು. ಇದಕ್ಕೆ ನಾನು ಸೂಚಿಸಬಯಸುವ ಉಪಾಯ ಬಹಳ ಚಿಕ್ಕದು: ಕನ್ನಡದಲ್ಲಿಯೇ ಹೇಳಿ, ಕನ್ನಡದಲ್ಲಿಯೇ ಬಿಡಿಸುವ ಲೆಕ್ಕದ ಒಗಟು.

ಬಹುಜನರು ಬಲ್ಲ ಒಂದು ಒಗಟನ್ನೇ ನೋಡೋಣ. ಕೊಳದಲ್ಲಿ ಕೆಲವು ತಾವರೆಗಳು, ಅವುಗಳ ಸುತ್ತ ಕೆಲವು ದುಂಬಿಗಳು. ಹೂವಿಗೆ ಒಂದೊಂದರಂತೆ ದುಂಬಿಗಳು ಕುಳಿತರೆ ಒಂದು ದುಂಬಿಗೆ ಹೂವಿಲ್ಲ. ಎರಡೆರಡರಂತೆ ಕುಳಿತರೆ ಒಂದು ಹೂವಿಗೆ ದುಂಬಿಯಿಲ್ಲ. ಹೂವೆಷ್ಟು, ದುಂಬಿಯೆಷ್ಟು? ಹೂ ಮೂರು, ದುಂಬಿ ನಾಲ್ಕು ಎಂಬ ಉತ್ತರಕ್ಕೆ ಬೀಜಗಣಿತ ಬೇಕಿಲ್ಲ. ಬೇಕಾದುದು ‘ಒಂದೊಂದು’, ‘ಎರಡೆರಡು’ ಎಂಬ ದ್ವಿರುಕ್ತಿಗಳ ಅರ್ಥದ ಅರಿವು. ಹಂಚಿಕೆಯ ಭಾವವನ್ನು ಕನ್ನಡ ಹೀಗೆ ಪದವನ್ನು ಮರುನುಡಿದು ಸೂಚಿಸುತ್ತದೆ. ‘ಅರ್ಧ ಉಳಿಯಿತು’ ಎನ್ನುವುದಕ್ಕೂ ‘ಉಳಿದುದರಲ್ಲಿ ಅರ್ಧ’ ಎನ್ನುವುದಕ್ಕೂ ಇರುವ ಅಂತರವೂ ಇಂಥದೇ. ದಿನನಿತ್ಯದ ಮಾತಿನಲ್ಲಿ ಅರೆಬರೆ ತಿಳಿದರೂ ಕೆಲಸ ಸಾಗುತ್ತದೆ. ಒಗಟಿನಲ್ಲಿ ಅರೆಬರೆ ತಿಳಿದರೆ ಉತ್ತರವೇ ತಪ್ಪುತ್ತದೆ. ಆದುದರಿಂದ ವ್ಯಾಕರಣದ ಪಾಠ ಮಾಡಲಾರದ ಕೆಲಸವನ್ನು ಒಗಟು ಆಟವಾಡುತ್ತಲೇ ಮಾಡಿಬಿಡುತ್ತದೆ.

ನಮ್ಮ ಸಂಖ್ಯಾವಾಚಕಗಳ ರಚನೆಯೂ ಇದಕ್ಕೆ ಅನುಕೂಲವಾಗಿದೆ. ಇಪ್ಪತ್ತು ಮತ್ತು ಐದು ಸೇರಿ ಇಪ್ಪತ್ತೈದು. ಅಂಕಿಗಳನ್ನು ಬರೆಯುವ ಕ್ರಮದಲ್ಲಿಯೇ ನಾಲಗೆಯೂ ನಡೆಯುತ್ತದೆ. ಮರಾಠಿಯ ‘ಪಂಚವೀಸ’, ಹಿಂದಿಯ ‘ಪಚ್ಚೀಸ್’ಗಳಲ್ಲಿ ಬಿಡಿಯ ಸ್ಥಾನ ಮೊದಲು ಬಂದು ಹತ್ತರ ಸ್ಥಾನ ಹಿಂದೆ ಬರುತ್ತದೆ. ಇದು ಆ ಭಾಷೆಗಳ ಕೊರತೆಯೆಂದು ಹೇಳುತ್ತಿಲ್ಲ; ಆದರೆ ಎರಡು ಕ್ರಮಗಳನ್ನು ಹೋಲಿಸಿ ನೋಡುವ ಮಗುವಿಗೆ ಸ್ಥಾನಬೆಲೆಯ ಮರ್ಮ ಬೇಗ ಹೊಳೆದೀತು. ಕಾಲು, ಅರೆ, ಮುಕ್ಕಾಲು, ಅರೆಕಾಲು, ವೀಸ ಎಂಬ ಭಿನ್ನರಾಶಿಯ ಪದಗಳೂ ನಮ್ಮಲ್ಲಿವೆ. ಹದಿನಾರನೆಯ ಒಂದು ಪಾಲಿಗೆ ಒಂದು ಚಿಕ್ಕ ಮಾತಿದೆ ಎಂಬುದನ್ನು ಬಲ್ಲ ಮಕ್ಕಳು ಇಂದು ಎಷ್ಟು ಮಂದಿ?

ಗಣಿತ ಕನ್ನಡಕ್ಕೆ ಒಗ್ಗದು ಎಂಬ ಅಳುಕಿಗೂ ಕಾರಣವಿಲ್ಲ. ‘ಕವಿರಾಜಮಾರ್ಗ’ಕ್ಕೆ ಆಶ್ರಯವಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂತಹ ಗುಣಲಬ್ಧಗಳನ್ನು ಅವನು ಕಂಠಾಭರಣಗಳೆಂದು ಬಣ್ಣಿಸಿದ್ದಾನೆ. ಗಣಿತವನ್ನು ವಿನೋದವಾಗಿ ಕಾಣುವ ಕಣ್ಣು ಅವನದು. ಆ ಗ್ರಂಥ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚಾದುದು ಮದರಾಸಿನಲ್ಲಿ ಎಂಬುದು ಹೊರನಾಡಿನವರಾದ ನಮಗೆ ಗಮನಾರ್ಹ. 12ನೆಯ ಶತಮಾನದ ರಾಜಾದಿತ್ಯನಾದರೋ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದನು. ನಮ್ಮ ಸಾಹಿತ್ಯ ಚರಿತ್ರೆಯ ತರಗತಿಗಳಲ್ಲಿ ಇವನಿಗೆ ಸಲ್ಲುವುದು ಒಂದೆರಡು ವಾಕ್ಯ ಮಾತ್ರ. ಕಾವ್ಯವೊಂದೇ ಸಾಹಿತ್ಯವೆಂಬ ನಮ್ಮ ರೂಢಿಯೂ ಮಕ್ಕಳ ಬುದ್ಧಿಯಿಂದ ಕನ್ನಡವನ್ನು ದೂರವಿರಿಸಿದೆ.

ಶಾಲೆಯ ಮಾಧ್ಯಮವನ್ನು ಬದಲಿಸುವುದು ಇಲ್ಲಿನ ಎಲ್ಲ ತಂದೆತಾಯಂದಿರಿಂದ ಆಗುವ ಮಾತಲ್ಲ. ನಾನು ಅದನ್ನು ಕೇಳುತ್ತಲೂ ಇಲ್ಲ. ಒಗಟನ್ನು ಸ್ಪರ್ಧಾಪರೀಕ್ಷೆಯ ಸಿದ್ಧತೆಯಾಗಿಸುವುದಂತೂ ಸಲ್ಲದು. ಗಡಿಯಾರ ಹಿಡಿದು ಕೇಳಿದ ಒಗಟು ಒಗಟಾಗಿ ಉಳಿಯುವುದಿಲ್ಲ. ಉತ್ತರವನ್ನು ಒಡನೆಯೇ ಹೇಳದೆ, ‘ಹೇಗೆ ಗೊತ್ತಾಯಿತು?’ ಎಂದು ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಉತ್ತರಿಸಲು ಬಿಡುವಷ್ಟು ತಾಳ್ಮೆ ಹಿರಿಯರಿಗಿರಬೇಕು. ಮಗು ತಡವರಿಸುತ್ತ ಜೋಡಿಸುವ ಆ ನಾಲ್ಕು ವಾಕ್ಯಗಳೇ ಇಲ್ಲಿ ನಿಜವಾದ ಫಲ.

ಇಂದು ರಾತ್ರಿಯೇ ತೊಡಗಬಹುದು. ಒಬ್ಬ ಭಕ್ತ ಮೂರು ದೇವಾಲಯಗಳಿಗೆ ಹೊರಡುತ್ತಾನೆ. ಪ್ರತಿ ದೇವಾಲಯದ ಮುಂದಿನ ಕೊಳದಲ್ಲಿ ಅದ್ದಿದಾಗ ಕೈಯಲ್ಲಿರುವ ಹೂಗಳು ಇಮ್ಮಡಿಯಾಗುತ್ತವೆ. ಮೂರು ಕಡೆಯೂ ಸಮನಾಗಿ ಅರ್ಪಿಸಿದ ಮೇಲೆ ಕೈ ಬರಿದು. ಅವನು ಕನಿಷ್ಠಪಕ್ಷ ಎಷ್ಟು ಹೂ ತಂದಿದ್ದ, ಒಂದೊಂದು ಕಡೆ ಎಷ್ಟೆಷ್ಟು ಅರ್ಪಿಸಿದ? ತಂದುದು ಏಳು, ಅರ್ಪಿಸಿದುದು ಎಂಟೆಂಟು. ಕೊನೆಯಿಂದ ಹಿಂದಕ್ಕೆ ನಡೆದರೆ ದಾರಿ ಸುಲಭ. ಆದರೆ ಅದನ್ನು ನಾವು ಹೇಳಕೂಡದು. ಮಕ್ಕಳೇ ಕಂಡುಕೊಂಡು, ಕನ್ನಡದಲ್ಲಿ ನಮಗೆ ತಿಳಿಯಹೇಳಲಿ.